ಮೂರು ಕೊಟೇಶನ್ ಓದಿದ ಮೇಲೆ

ಪ್ರೀತಿಯ ಪುಟ್ಟಿ,

ಆರ್ಡರು, ಸ್ಟಾಕು, ಖರೀದಿ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳೋ ಸಾಫ್ಟ್‌ವೇರ್, ಅದೇ ಇಆರ್‌ಪಿಗೆ, ನೀನು ಕಳಿಸಿದ ಮೂರೂ ಕೊಟೇಶನ್ ಓದಿದೆ. ಫೋನಿನಲ್ಲಿ ಮಾತಾಡೋಣ ಅಂದರೆ ನಿಮ್ಮಪ್ಪ ಮಧ್ಯೆ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೈಸೂರಿನ ಹೆಬ್ಬಾಳದಲ್ಲಿ ಬ್ರಾಕೆಟ್ ಮಾಡೋ ನಮ್ಮ ಶೆಡ್ಡಿಗೆ ಇಆರ್‌ಪಿ ಯಾಕೆ ಅಂತ ಅವರ ತಕರಾರು. ಬೇಕು ಅಂತಲೇ ನನ್ನ ಮಾತು. ಆದರೆ ಯಾವುದು ಅನ್ನೋದನ್ನು ಬೆಂಗಳೂರಿನಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ಡೆಮೋ ನೋಡಿ ತೀರ್ಮಾನ ಮಾಡಬೇಡ. ಅದನ್ನು ದಿನಾ ಒತ್ತೋದು ನೀನಲ್ಲ, ನಾನೂ ಅಲ್ಲ. ಸ್ಟೋರ್ಸಿನ ಅಣ್ಣ. ಅವರ ಕೈಗೆ ಒಗ್ಗದಿದ್ದರೆ ಎಷ್ಟು ಲಕ್ಷದ್ದಾದರೂ ದಂಡ.

ಡೆಮೋದಲ್ಲಿ ಎಲ್ಲರೂ ಕುರ್ಚಿಯನ್ನೇ ತೋರಿಸುತ್ತಾರೆ. ನಾಲ್ಕು ಕಾಲು, ಒಂದು ಹಲಗೆ, ಕುರ್ಚಿ ರೆಡಿ. ನಮ್ಮ ಬ್ರಾಕೆಟ್ಟು ಅಷ್ಟು ಸಾಧು ಅಲ್ಲ. ಶೀಟನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತೇವೆ. ಕಟಿಂಗಿಗೆ ಶೀಟ್ ಲೆಕ್ಕದಲ್ಲಿ ಕೊಡುತ್ತೇವೆ. ಗಿರಾಕಿಗೆ ಪೀಸ್ ಲೆಕ್ಕದಲ್ಲಿ ಮಾರುತ್ತೇವೆ. ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಹಾಕೋ ಜಿಂಕ್ ಪ್ಲೇಟಿಂಗಿನವರು ಮತ್ತೆ ಕೆಜಿ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ. ಸ್ಕ್ರ್ಯಾಪೂ ಕೆಜಿಯಲ್ಲೇ ಹೋಗುತ್ತದೆ. ಈ ಬ್ರಾಕೆಟ್ಟನ್ನೇ ಡೆಮೋದವರ ಕೈಗೆ ಕೊಟ್ಟು, ಮೊದಲಿಂದ ಕೊನೇವರೆಗೆ ಓಡಿಸಿ ತೋರಿಸಿ ಅನ್ನು. ಮಧ್ಯೆ ಹತ್ತು ಪೀಸ್ ರಿಜೆಕ್ಟ್ ಆಗಿ ವಾಪಸ್ ಬಂತು ಅನ್ನು. 'ಅದನ್ನು ಆಮೇಲೆ ಕಸ್ಟಮೈಸ್ ಮಾಡಿಕೊಡ್ತೀವಿ ಮೇಡಂ' ಅಂದರೆ, ಎಷ್ಟು ದಿನ, ದಿನಕ್ಕೆ ಎಷ್ಟು ಅಂತ ಅಲ್ಲೇ ಬರೆಸಿಕೋ.

ಒಳಗೆ ಆ ಸಾಫ್ಟ್‌ವೇರ್ ಮಾಡೋ ಲೆಕ್ಕ ದೊಡ್ಡದೇನಲ್ಲ. 500 ಬ್ರಾಕೆಟ್ಟಿಗೆ ಆರ್ಡರ್ ಇದೆ ಅಂದುಕೋ. ಸ್ಟೋರ್ಸಿನಲ್ಲಿ 120 ಇದೆ, ಪ್ಲೇಟಿಂಗಿನಲ್ಲಿ 80. ಇನ್ನು 300 ಮಾಡಬೇಕು. ಒಂದಕ್ಕೆ ಸ್ಕ್ರ್ಯಾಪೂ ಸೇರಿ 450 ಗ್ರಾಂ, ಒಟ್ಟು 135 ಕೆಜಿ. 3 ಎಂಎಂ ದಪ್ಪದ 2500 x 1250 ಶೀಟು ಸುಮಾರು 73 ಕೆಜಿ ತೂಗುತ್ತದೆ. ಅಲ್ಲಿಗೆ ಎರಡು ಶೀಟ್. ಪ್ಲೇಟಿಂಗಿಗೆ ನಾಲ್ಕು ದಿನ, ಶೀಟ್ ಬರೋಕೆ ಒಂದು ವಾರ ಅಂತ ಹಿಂದಕ್ಕೆ ಎಣಿಸಿ, ಇಂಥ ದಿನ ಪಿಒ, ಅಂದರೆ ಖರೀದಿ ಆರ್ಡರ್, ಹಾಕಿ ಅನ್ನುತ್ತದೆ. 1960ರ ದಶಕದಲ್ಲೇ ಐಬಿಎಂನ ಜೋಸೆಫ್ ಓರ್ಲಿಕಿ ಥರದವರು ಕಂಪ್ಯೂಟರಿನಲ್ಲಿ ಕೂರಿಸಿದ ಲೆಕ್ಕ ಇದು, ಮೆಟೀರಿಯಲ್ ರಿಕ್ವೈರ್ಮೆಂಟ್ಸ್ ಪ್ಲಾನಿಂಗ್, ಅಂದರೆ ಎಂಆರ್‌ಪಿ. ಬೆಲೆಯ ಎಂಆರ್‌ಪಿ ಅಲ್ಲ ಮತ್ತೆ! ಆದರೆ ಆ 120 ನಿಜಕ್ಕೂ 90 ಆಗಿದ್ದರೆ? ಕೆಳಗಿನದೆಲ್ಲ ಸುಳ್ಳು.

ಅದಕ್ಕೇ ಸ್ಟೋರ್ಸಿನ ಅಣ್ಣ ಅಂದಿದ್ದು. ಮಾಲು ಬಾಗಿಲು ದಾಟುವಾಗಲೇ ಎಂಟ್ರಿ ಆಗಬೇಕು. ಹೂಟಗಳ್ಳಿಯ ಒಂದು ಕಡೆ ನೋಡಿದ್ದೀನಿ. ಹಗಲೆಲ್ಲ ನೋಟ್‌ಬುಕ್ಕಿನಲ್ಲಿ ಗೀಚುತ್ತಾರೆ, ಸಂಜೆ ಆಫೀಸಿನ ಹುಡುಗಿ ಕೂತು ಒಟ್ಟಿಗೆ ಟೈಪ್ ಮಾಡುತ್ತಾಳೆ. ಅವರು ಸಾಫ್ಟ್‌ವೇರ್ ಕೊಂಡಿಲ್ಲ, ಟೈಪಿಂಗ್ ಕೆಲಸ ಕೊಂಡಿದ್ದಾರೆ ಅಷ್ಟೇ. ಮಾರೋರು ಹಳೇ ಗಿರಾಕಿಗಳ ಪಟ್ಟಿ ಕೊಟ್ಟರೆ ಹೋಗಿ ಬಾ. ಮಾಲೀಕರನ್ನು ಕೇಳಬೇಡ. ಅವರು ದುಡ್ಡು ಕೊಟ್ಟಾಗಿದೆ, ಚೆನ್ನಾಗಿದೆ ಅಂತಲೇ ಅಂತಾರೆ. ಸ್ಟೋರ್ಸಿನವರನ್ನು ಕೇಳು.

ಐಟಂ ಪಟ್ಟಿ ನಾವೇ ಮಾಡಬೇಕು, ಅದನ್ನು ಯಾರೂ ಮಾಡಿಕೊಡಲ್ಲ. ನಮ್ಮಲ್ಲಿ 'ದೊಡ್ಡ ಎಲ್' ಅನ್ನೋ ಬ್ರಾಕೆಟ್ಟಿಗೆ ಡ್ರಾಯಿಂಗಿನಲ್ಲಿ ಒಂದು ನಂಬರು, ಗಿರಾಕಿಯ ಪಿಒದಲ್ಲಿ ಇನ್ನೊಂದು. ಎರಡೂ ಬೇರೆ ಬೇರೆ ಐಟಂ ಆಗಿ ಒಳಗೆ ಹೋದರೆ ಸ್ಟಾಕು ಎರಡು ಕಡೆ ಹರಿದು ಹೋಗುತ್ತದೆ. ಆಯುಧಪೂಜೆಗೆ ಹೇಗೂ ಮಿಷನ್ ನಿಲ್ಲಿಸಿ, ಮೂಲೆ ಮೂಲೆ ಗುಡಿಸಿ ತೊಳೆಯುತ್ತೇವಲ್ಲ, ಆಗಲೇ ಎಣಿಸಿಬಿಡೋಣ. ನೀನೂ ಇರುತ್ತೀಯ. ಏಪ್ರಿಲ್ 1ಕ್ಕೆ ಶುರು ಮಾಡೋಣ ಅಂತ ಸಾಫ್ಟ್‌ವೇರ್ ಮಾರೋರು ಹೇಳುತ್ತಾರೆ. ಲೆಕ್ಕಕ್ಕೆ ಅದೇ ಸರಿ. ಆದರೆ ಮಾರ್ಚ್ ಕೊನೇಲಿ ಡಿಸ್ಪ್ಯಾಚ್ ಬಿಟ್ಟು ನಟ್ಟು ಎಣಿಸೋರು ಯಾರು?

ಈಗ ಲೆಕ್ಕ ಬರೆಯೋ ಟ್ಯಾಲಿಯನ್ನು ಮೊದಲ ವರ್ಷ ಮುಟ್ಟಬೇಡ. ಆಡಿಟರ್ ಅದನ್ನು ನಂಬಿಕೊಂಡಿದ್ದಾರೆ. ಅದರಲ್ಲೂ ಬಿಲ್ ಆಫ್ ಮೆಟೀರಿಯಲ್ (ಒಂದು ಐಟಂಗೆ ಏನೇನು ಎಷ್ಟು ಬೇಕು ಅನ್ನೋ ಪಟ್ಟಿ), ಜಾಬ್ ವರ್ಕ್ (ಹೊರಗೆ ಕೊಟ್ಟು ಮಾಡಿಸೋ ಕೆಲಸ) ಎರಡೂ ಇವೆ. ಕೊಳ್ಳೋಕೆ ಮುಂಚೆ ಅದನ್ನೇ ಒಮ್ಮೆ ತೆಗೆದು ನೋಡು. ನೀನು ಹೇಳೋ ಇಆರ್‌ಪಿ‌ನೆಕ್ಸ್ಟ್ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದದ್ದು, ಲೈಸೆನ್ಸಿಗೆ ದುಡ್ಡಿಲ್ಲ, ನಿಜ. ಸರ್ವರಿಗೆ, ಕೂರಿಸಿ ಕಲಿಸೋರಿಗೆ ದುಡ್ಡಿದೆ. ಆದರೂ ಮೂರರಲ್ಲಿ ನನ್ನ ಓಟು ಅದಕ್ಕೇ. ನಾಳೆ ಈ ಏಜೆಂಟರು ಫೋನ್ ಎತ್ತದಿದ್ದರೆ ಇನ್ನೊಬ್ಬರನ್ನು ಹಿಡಿಯಬಹುದು, ನಮ್ಮ ಡೇಟಾ ನಮ್ಮ ಕೈಲೇ ಇರುತ್ತದೆ. ಉಳಿದ ಇಬ್ಬರ ಕೊಟೇಶನ್ನಿನಲ್ಲಿ, ಬಿಟ್ಟು ಹೋಗೋದಾದರೆ ಡೇಟಾ ಹೇಗೆ ಕೊಡ್ತೀವಿ ಅನ್ನೋ ಸಾಲೇ ಇಲ್ಲ. ಗಮನಿಸಿದೆಯಾ?

ಪ್ಲೇಟಿಂಗಿಗೆ ಚಲನ್ ಮೇಲೆ ಹೋದ ಮಾಲು ಒಂದು ವರ್ಷದೊಳಗೆ ಬರದಿದ್ದರೆ, ಕಳಿಸಿದ ದಿನವೇ ಮಾರಿದ ಹಾಗೆ ಅಂತ ಜಿಎಸ್‌ಟಿ ಕಾನೂನು. ಯಾವ ಚಲನಿನದು ಎಷ್ಟು ಬಾಕಿ ಅಂತ ಒಂದೇ ಪುಟದಲ್ಲಿ ಬರಲೇಬೇಕು. ಹೀಗೆ ಹೊರಗೆ ಕಳಿಸಿದ ಮಾಲಿನ ಲೆಕ್ಕ ಕೊಡೋ ಐಟಿಸಿ-04 ಫಾರ್ಮು ತುಂಬಿ ತುಂಬಿ ನನಗೆ ಸಾಕಾಗಿದೆ. ಇ-ಇನ್‌ವಾಯ್ಸ್ 5 ಕೋಟಿ ವಹಿವಾಟು ದಾಟಿದವರಿಗೆ, ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲು ಮಾಡೋದು ಅದು, ನಾವಿನ್ನೂ ಅಲ್ಲಿಗೆ ಬಂದಿಲ್ಲ. ಆದರೆ ಪ್ರೈವೇಟ್ ಲಿಮಿಟೆಡ್ ಮಾಡೋಣ ಅಂತೀಯಲ್ಲ, 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಏನೇನು ಯಾವಾಗ ತಿದ್ದಿದರು ಅನ್ನೋ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಇದನ್ನು ಆಡಿಟರನ್ನೇ ಕೇಳು. 20ನೇ ತಾರೀಖು ಕಳೆದ ಮೇಲೆ ಫೋನ್ ಮಾಡು. ರಿಟರ್ನ್ ಹಾಕಿ ಮುಗಿಯೋವರೆಗೆ ಅವರು ಎತ್ತಲ್ಲ.

ಇಂತಿ,
ನಿನ್ನ ಅಮ್ಮ