ಒಂದು ಇಡೀ ದಿನದ ರೇಡಿಯೊ ಉಳಿಸಿಡಿ

ಮಾನ್ಯರೇ,

ನಮ್ಮ ಆಕಾಶವಾಣಿ ಕೇಂದ್ರಗಳು ಒಳ್ಳೆಯ ಭಾಷಣ, ಸಂಗೀತವನ್ನಷ್ಟೇ ಆರಿಸಿ ಕಾಪಾಡಿದರೆ ಸಾಲದು, ಒಂದು ಇಡೀ ದಿನದ ಪ್ರಸಾರವನ್ನೂ ಇದ್ದ ಹಾಗೇ ಎತ್ತಿಡಬೇಕು. ಅಮೆರಿಕದ ವಾಷಿಂಗ್ಟನ್‌ನ ಡಬ್ಲ್ಯುಜೆಎಸ್‌ವಿ ಕೇಂದ್ರ 1939ರ ಸೆಪ್ಟೆಂಬರ್ 21ರಂದು ಇದನ್ನೇ ಮಾಡಿತು. ಯುರೋಪಿನಲ್ಲಿ ಯುದ್ಧ ಶುರುವಾಗಿ ಮೂರು ವಾರವೂ ತುಂಬಿರಲಿಲ್ಲ. ಆ ಧ್ವನಿಮುದ್ರಣ ಈಗಲೂ ಕೇಳಲು ಸಿಗುತ್ತದೆ. ಬೆಳಿಗ್ಗೆ ನಿರೂಪಕ ಆರ್ಥರ್ ಗಾಡ್‌ಫ್ರೇ ಹಾಡು ಹಾಕುತ್ತಾ ಹರಟುತ್ತಾರೆ, ಆಮೇಲೆ ಒಂದರ ಹಿಂದೊಂದು ಧಾರಾವಾಹಿ, ನಡುನಡುವೆ ಸೋಪಿನ ಜಾಹೀರಾತು. ಮಧ್ಯಾಹ್ನ ಅಧ್ಯಕ್ಷ ರೂಸ್‌ವೆಲ್ಟ್ ಸಂಸತ್ತಿನ ಮುಂದೆ ನಿಂತು ಶಸ್ತ್ರಾಸ್ತ್ರ ಮಾರಾಟದ ಮೇಲಿನ ನಿರ್ಬಂಧ ತೆಗೆಯಿರಿ ಎಂದು ಕೇಳುತ್ತಾರೆ, ಅದೇ ಸಂಜೆ ಬೇಸ್‌ಬಾಲ್ ಕಾಮೆಂಟರಿ! ಯುದ್ಧದ ಸುದ್ದಿಯ ಜೊತೆಗೇ ಜನರ ದಿನ ಹೇಗೆ ಸಾಗುತ್ತಿತ್ತು ಅನ್ನುವುದು ಬರೀ ಭಾಷಣದ ತುಣುಕು ಕೇಳಿದರೆ ಗೊತ್ತಾಗುವುದಿಲ್ಲ, ಅಲ್ವಾ?

1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಿಂದಲೇ ಪ್ರಸಾರ ಶುರು ಮಾಡಿದ ಊರು ಮೈಸೂರು. ಇಲ್ಲಿನ ಕೇಂದ್ರವೇ ಮೊದಲ ಹೆಜ್ಜೆ ಇಡಲಿ. ವರ್ಷಕ್ಕೊಂದು ದಿನ, ಬೆಳಗಿನ ವಂದೇ ಮಾತರಂನಿಂದ ರಾತ್ರಿ ಪ್ರಸಾರ ಮುಗಿಯುವವರೆಗೆ, ಕೃಷಿ ಮಾತು, ಚಿತ್ರಗೀತೆ, ವಾರ್ತೆ ಯಾವುದನ್ನೂ ಕತ್ತರಿಸದೆ ಮುದ್ರಿಸಿ, ಎಲ್ಲರೂ ಕೇಳುವಂತೆ ಅಂತರ್ಜಾಲದಲ್ಲಿ ಹಾಕಲಿ.

– ಓರ್ವ ಕೇಳುಗ, ಮೈಸೂರು