ದೂರ ಪ್ರವಾಸಕ್ಕೆ ಮುನ್ನ: ಬೈಕಿಗೆ ಅಳವಡಿಸುವ ಹೆಚ್ಚುವರಿ ಸಾಧನಗಳ ಕುರಿತು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಅಡ್ವೆಂಚರ್ ಬೈಕಿಗೆ ಕ್ರ್ಯಾಶ್ ಗಾರ್ಡ್, ಪ್ಯಾನಿಯರ್ (ಹಿಂಬದಿಯ ಎರಡು ಪಕ್ಕಗಳಲ್ಲಿ ಕೂರಿಸುವ ಪೆಟ್ಟಿಗೆ), ಟಾಪ್ ಬಾಕ್ಸ್ (ಸೀಟಿನ ಹಿಂದೆ ಮೇಲ್ಗಡೆ ಕೂರಿಸುವ ಪೆಟ್ಟಿಗೆ) ಖರೀದಿಸುವ ಮೊದಲು ಕೈಪಿಡಿಯಲ್ಲಿರುವ ಗರಿಷ್ಠ ಒಟ್ಟು ತೂಕವನ್ನು ದಯವಿಟ್ಟು ಗಮನಿಸಿ. ಸವಾರರು, ಇಂಧನ, ಸಾಮಾನುಗಳ ಜೊತೆಗೆ ಖಾಲಿ ಪೆಟ್ಟಿಗೆಗಳ ತೂಕವೂ ಆ ಮಿತಿಯೊಳಗೇ ಸೇರುತ್ತದೆ. ಟಾಪ್ ಬಾಕ್ಸಿನಲ್ಲಿ ಹೆಚ್ಚು ಭಾರವಿಟ್ಟರೆ ಮುಂದಿನ ಚಕ್ರದ ಮೇಲಿನ ಹೊರೆ ಕಡಿಮೆಯಾಗಿ, ವೇಗದಲ್ಲಿ ಹ್ಯಾಂಡಲ್ ನಡುಗುವ ಸಂಭವವಿರುವುದರಿಂದ, ಉಪಕರಣಗಳನ್ನೂ ನೀರನ್ನೂ ಪ್ಯಾನಿಯರ್‌ಗಳ ತಳದಲ್ಲಿ ಎರಡೂ ಬದಿಗೆ ಸಮನಾಗಿ ಇಡುವುದು ಕ್ಷೇಮ. ಭಾರ ಹೇರಿದ ಮೇಲೆ ಹಿಂಬದಿಯ ಸಸ್ಪೆನ್ಷನ್ ಸ್ಪ್ರಿಂಗಿನ ಬಿಗಿತ (ಪ್ರೀಲೋಡ್), ಟೈರಿನ ಗಾಳಿ ಮತ್ತು ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಿಕೊಳ್ಳಿ.

ಹೆಚ್ಚು ತೊಂದರೆ ಬರುವುದು ವೈರಿಂಗ್‌ನಲ್ಲಿ. ತಲಾ 40 ವ್ಯಾಟ್‌ನ ಎರಡು ಹೆಚ್ಚುವರಿ ದೀಪಗಳು 12 ವೋಲ್ಟ್‌ನಲ್ಲಿ ಸುಮಾರು 6.7 ಆಂಪಿಯರ್ ಎಳೆಯುತ್ತವೆ; ಇದನ್ನು ಹೆಡ್‌ಲೈಟಿನ ತೆಳು ತಂತಿಗೆ ಜೋಡಿಸದೆ, ಇಗ್ನಿಷನ್‌ನಿಂದ ಚಾಲೂ ಆಗುವ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ನಿಯಂತ್ರಿಸುವ ಸ್ವಿಚ್) ಮೂಲಕ, ಬ್ಯಾಟರಿಯ ಸಮೀಪವೇ ಫ್ಯೂಸ್ ಇಟ್ಟು ಪ್ರತ್ಯೇಕವಾಗಿ ಕೊಡಬೇಕು. ನಾನು ಮೊಬೈಲ್ ಚಾರ್ಜರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ, ಬೈಕು ಆಫ್ ಇದ್ದಾಗಲೂ ಅದು ವಿದ್ಯುತ್ ಎಳೆದು, ಕೆಲವು ದಿನ ನಿಲ್ಲಿಸಿದ್ದ ಬೈಕು ಪ್ರವಾಸದ ಬೆಳಿಗ್ಗೆಯೇ ಸ್ಟಾರ್ಟ್ ಆಗದೆ ಪಾಠ ಕಲಿತವನು. ನಿಧಾನಗತಿಯಲ್ಲಿ ಎಂಜಿನ್ ಉತ್ಪಾದಿಸುವ ವಿದ್ಯುತ್ ಕಡಿಮೆ ಇರುವುದರಿಂದ, ದಟ್ಟಣೆಯಲ್ಲಿ ಬಿಸಿ ಹಿಡಿಕೆ, ಹೆಚ್ಚುವರಿ ದೀಪ ಎರಡನ್ನೂ ಒಟ್ಟಿಗೆ ಬಳಸದಿರುವುದು ಒಳಿತು.

ಹೊಸದಾಗಿ ಕೂರಿಸಿದ ಬ್ರಾಕೆಟ್‌ಗಳ ಬೋಲ್ಟ್‌ಗಳು ಕಂಪನದಿಂದ ಸಡಿಲವಾಗುತ್ತವೆ. ಆದ್ದರಿಂದ ಹೊರಡುವ ಮುನ್ನ ಸಾಮಾನು ಹೇರಿಯೇ ಒಂದು ಸಣ್ಣ ಓಟ ಮುಗಿಸಿ, ಅವನ್ನು ಟಾರ್ಕ್ ರೆಂಚಿನಿಂದ (ನಿಗದಿತ ಬಿಗಿತಕ್ಕೆ ತಿರುಗಿಸುವ ಸ್ಪ್ಯಾನರ್) ಮತ್ತೊಮ್ಮೆ ಪರೀಕ್ಷಿಸಬೇಕೆಂದು ವಿನಂತಿ.