ಹೊರಗೆ ನಿಂತ ಅಣ್ಣ

ಧಾರವಾಡ

ಪ್ರೀತಿಯ ಮಗಳೇ,

ಭಾನುವಾರ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಅತ್ತಳು. ನಾನೇ ಬುದ್ಧಿ ಹೇಳಬೇಕಂತೆ. 18 ವರ್ಷದಿಂದ ಆ ಮೆಟ್ಟಿಲು ಹತ್ತದವನು ಏನಂತ ಬುದ್ಧಿ ಹೇಳಲಿ?

ನಾನು ಬಿಟ್ಟದ್ದು ಸಮಿತಿ ಚುನಾವಣೆಯ ಗಲಾಟೆಗೆ. ಕಾಂಪೌಂಡಿನ ಮಳಿಗೆಗಳ ಬಾಡಿಗೆ ಯಾರ ಕೈಗೆ ಸೇರಬೇಕು ಅಂತ ಎರಡು ಗುಂಪಾಯಿತು. ಗುಡ್ ಫ್ರೈಡೇ ದಿನ ಗೇಟಿನಲ್ಲಿ ಪೊಲೀಸರು! ಅವತ್ತೇ ಸಾಕು ಅನ್ನಿಸಿತು. ಮೊದಲ ಎರಡು ವರ್ಷ ಮನೆಯಲ್ಲೇ ಸತ್ಯವೇದ, ಅಂದರೆ ಬೈಬಲ್, ಓದಿದೆ. ಓದಿದೆ ಅನ್ನುವುದೂ ಸುಳ್ಳು. ಯೇಸು ಕಪಟಿಗಳೆಂದು ಬೈದ ಧರ್ಮದ ಮುಖಂಡರು, ಆ ಫರಿಸಾಯರ ಮಾತು ಬಂದಲ್ಲೆಲ್ಲ ಆ ಸಮಿತಿಯವರ ಮುಖ ನೆನೆದು ಖುಷಿಪಡುತ್ತಿದ್ದೆ.

ಆಮೇಲೆ ನಮ್ಮ ಓಣಿಯ ನಿವೃತ್ತ ನರ್ಸಮ್ಮ, ಕಣ್ಣಿಗೆ ಪೊರೆ ಬಂದಿದೆ, ಗುರುವಾರ ಸಂಜೆ ಬಂದು ಓದಿ ಹೇಳಿ ಅಂದರು. ಪಕ್ಕದ ಮನೆಯ ಲಿಂಗಾಯತ ಮಾಸ್ತರರು ಚಹಾಕ್ಕೆ ಬಂದವರು ಕೂತು ಕೇಳತೊಡಗಿದರು. ಒಮ್ಮೆ ಯೇಸು ಹೇಳಿದ ತಪ್ಪಿಹೋದ ಮಗನ ಕಥೆ ಓದಿದೆ. ಪಾಲಿನ ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ಅಪ್ಪ ಹಬ್ಬ ಮಾಡುತ್ತಾನೆ, ಇಷ್ಟು ವರ್ಷ ದುಡಿದ ನನಗೆ ಏನೂ ಕೊಡಲಿಲ್ಲ ಅಂತ ಅಣ್ಣ ಒಳಗೆ ಬರಲು ಒಪ್ಪುವುದಿಲ್ಲ. "ತಮ್ಮನೇನೋ ಬಂದ. ಅಣ್ಣ ಕಡೆಗೆ ಒಳಗೆ ಹೋದನೋ ಇಲ್ಲವೋ?" ಅಂತ ಮಾಸ್ತರರು ಕೇಳಿದರು. ಪುಟ ತಿರುವಿ ನೋಡಿದೆ. ಅದನ್ನು ಬರೆದೇ ಇಲ್ಲ. ಅಣ್ಣ ಹೇಳಿದ್ದರಲ್ಲಿ ತಪ್ಪೇನಿತ್ತು, ಅಲ್ವಾ? ಆದರೂ ಹಬ್ಬದ ಮನೆಯ ಹೊರಗೆ ಸಿಟ್ಟು ಹಿಡಿದು ನಿಂತವನು ಅವನೊಬ್ಬನೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರ ಹೆಸರು ಕೇಳಿದ್ದೀಯ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಎರಡೇ ವರ್ಷಕ್ಕೆ, ತಮ್ಮನ್ನು ತಿದ್ದಲು ಬಂದ ಸಿಸ್ಟರ್‌ಗೆ, ಅಂದರೆ ಕ್ರೈಸ್ತ ಸನ್ಯಾಸಿನಿಗೆ, ಪತ್ರ ಬರೆದರು. ಪುರೋಹಿತರ ನೊಗದಿಂದ ಈಗಷ್ಟೇ ಕಷ್ಟಪಟ್ಟು ಬಿಡಿಸಿಕೊಂಡಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕತ್ತು ಕೊಡಲಾರೆ ಅಂತ. ನಮ್ಮಂಥವರು ಇಷ್ಟು ಹೇಳಿ ಸುಮ್ನಾಗಿಬಿಡುತ್ತೇವೆ. ತಾನು ಕ್ರಿಸ್ತನ ಸಭೆಗೆ ಸೇರಿದವಳು ಅಂತಲೂ ಆಕೆ ಹೇಳಿದ್ದರು. ಮುಂದೆ ಬರಗಾಲ ಬಂದಾಗ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಅನ್ನ, ಅಕ್ಷರ, ಕೆಲಸ ಕೊಟ್ಟರು. ಬಿಷಪ್ಪರ ಮಾತು ಕೇಳದವರ ಮನೆ ಎಷ್ಟು ತುಂಬಿತ್ತು ನೋಡು.

ಹೋಗು ಅನ್ನುವುದಿಲ್ಲ, ಬಿಡು ಅಂತಲೂ ಅನ್ನುವುದಿಲ್ಲ. ಒಬ್ಬಳೇ ಮಾತ್ರ ಇರಬೇಡ. ನಿನಗೆ "ಅಲ್ಲ" ಅನ್ನುವವರು ಇಬ್ಬರಾದರೂ ಇರಲಿ. ಮೊಬೈಲಿನಲ್ಲಿ ಕೇಳುವ ಪಾದ್ರಿಗಳ ಪ್ರಸಂಗ ಬೇಜಾರಾದರೆ ಬಂದ್ ಮಾಡಬಹುದು. ನರ್ಸಮ್ಮನನ್ನು ಬಂದ್ ಮಾಡೋಕಾಗಲ್ಲ!

ಚರ್ಚಿನ ಸಭೆಯ ವಂತಿಗೆ ಕಟ್ಟುವುದನ್ನು ನಿಲ್ಲಿಸಬೇಡ. ನಗಬೇಡ. ನಿಮ್ಮಪ್ಪನ ಸಮಾಧಿ ಅಲ್ಲಿದೆ, ನಿಮ್ಮಮ್ಮನಿಗೆ ಅದರ ಪಕ್ಕದಲ್ಲೇ ಜಾಗ ಬೇಕಂತೆ. ಅವಳ ಹತ್ತಿರ ವಾದ ಬೇಡ. ಕ್ರಿಸ್ಮಸ್ ಬೆಳಿಗ್ಗೆ ಕೈ ಹಿಡಿದು ಕರೆದುಕೊಂಡು ಹೋಗು, ಮೊಣಕಾಲು ನೋವು ಜಾಸ್ತಿಯಾಗಿದೆ.

ಮುಂದಿನ ತಿಂಗಳು ಬಂದರೆ ಗುರುವಾರಕ್ಕೆ ಸರಿಯಾಗಿ ಬಾ. ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಬಗ್ಗೆ ಮಾಸ್ತರರ ಪ್ರಶ್ನೆಗಳಿವೆ. ನನಗೆ ಉತ್ತರ ಗೊತ್ತಿಲ್ಲ.

ನಿನ್ನ ದೊಡ್ಡಪ್ಪ